ಯಾವ ವಯಸ್ಸಿನವರಿಗೆ ಕತೆ ಬರೆಯಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಕತೆ ಬರೆಯುವ ಹುಮ್ಮಸ್ಸಿನಲ್ಲಿರುವವರು ಫೋನ್ ಮಾಡಿ, ಹಸ್ತಪ್ರತಿ ಕಳಿಸಿ ನನ್ನನ್ನು ಕೇಳುವ ಪ್ರಶ್ನೆಗಳು ಬೇರೆ ಬೇರೆ ಇದ್ದರೂ ಬಂದು ನಿಲ್ಲುವುದು ಒಂದೇ ಕಡೆ: ಇದನ್ನು ಓದುವವರ ವಯಸ್ಸೆಷ್ಟು? ನಾನು ದೊಡ್ಡವರಿಗೂ ಬರೆದಿದ್ದೇನೆ, ಮಕ್ಕಳಿಗೂ ಬರೆದಿದ್ದೇನೆ. ಶನಿವಾರ ಮಧ್ಯಾಹ್ನ ನಮ್ಮೂರ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕತೆ ಓದುತ್ತೇನೆ. ಇಲ್ಲಿನ ಉತ್ತರಗಳಲ್ಲಿ ಹೆಚ್ಚಿನವು ಅಲ್ಲಿ ಕಲಿತದ್ದು.

ಬರೆಯಲು ಕೂರುವ ಮೊದಲೇ ವಯಸ್ಸು ನಿರ್ಧರಿಸಬೇಕೇ?

ಮೊದಲ ಕರಡಿಗೆ ಬೇಡ. ಕತೆ ಏನು ಅಂತ ನಿಮಗೇ ಗೊತ್ತಾಗುವ ಮುಂಚೆ ವಯಸ್ಸಿನ ಬೇಲಿ ಹಾಕಿದರೆ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಎರಡನೇ ಕರಡಿಗೆ ಕೂರುವಾಗ ಮಾತ್ರ ಖಂಡಿತ ನಿರ್ಧರಿಸಿರಬೇಕು. ಯಾವ ಮಾತು ಬಿಡಿಸಿ ಹೇಳಬೇಕು, ಯಾವುದನ್ನು ಓದುಗರಿಗೆ ಬಿಡಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುವುದು.

ಮೂರರಿಂದ ಆರು ವರ್ಷದವರ ಚಿತ್ರಪುಸ್ತಕಕ್ಕೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಅರ್ಧ ಕತೆಯನ್ನು ಚಿತ್ರ ಹೇಳುತ್ತದೆ. ಪುಟಕ್ಕೆ ಎರಡು ಸಾಲು, ಹದಿನಾಲ್ಕೋ ಹದಿನಾರೋ ಪುಟ ಎಂಬ ಲೆಕ್ಕ ಮೊದಲ ದಿನವೇ ತಲೆಯಲ್ಲಿರಬೇಕು.

ನನ್ನ ಕತೆಯ ಹುಡುಗನಿಗೆ ಹತ್ತು ವರ್ಷ. ಹಾಗಾದರೆ ಅದು ಮಕ್ಕಳ ಕತೆ ತಾನೇ?

ಹಾಗೇನೂ ಇಲ್ಲ. ಹುಡುಗನ ವಯಸ್ಸಿಗಿಂತ ಮುಖ್ಯವಾದದ್ದು ಕತೆ ಹೇಳುವವರು ಎಲ್ಲಿ ನಿಂತಿದ್ದಾರೆ ಎಂಬುದು. ಒಂದೇ ಘಟನೆಯನ್ನು ಎರಡು ರೀತಿ ಬರೆದು ತೋರಿಸುತ್ತೇನೆ. ಮೊದಲನೆಯದು:

"ಅಪ್ಪ ಗೌರಿಯನ್ನು ಸಂತೆಗೆ ಹೊಡೆದುಕೊಂಡು ಹೋದ ದಿನ ನಾನು ಶಾಲೆಗೆ ಹೋಗಲಿಲ್ಲ. ಕೊಟ್ಟಿಗೆಯ ಗೂಟದಲ್ಲಿ ಅವಳ ಹಗ್ಗ ಹಾಗೇ ಇತ್ತು. ಹಗ್ಗ ಇಲ್ಲೇ ಬಿಟ್ಟರೆ ಅಲ್ಲಿ ಅವಳನ್ನು ಯಾತರಲ್ಲಿ ಕಟ್ಟುತ್ತಾರೆ?"

ಎರಡನೆಯದು:

"ಅಪ್ಪ ಗೌರಿಯನ್ನು ಮಾರಿದ್ದು ಬ್ಯಾಂಕಿನ ಕಂತು ಕಟ್ಟಲಿಕ್ಕೆ ಅಂತ ನನಗೆ ತಿಳಿದದ್ದು ಅವನು ತೀರಿಕೊಂಡ ಮೇಲೆ, ಟ್ರಂಕಿನ ತಳದಲ್ಲಿದ್ದ ಕಾಗದ ಬಿಡಿಸಿದಾಗ. ಆ ದಿನ ನಾನು ಯೋಚಿಸಿದ್ದು ಹಗ್ಗದ ಬಗ್ಗೆ ಮಾತ್ರ."

ಎರಡರಲ್ಲೂ ಹುಡುಗನಿಗೆ ಹತ್ತೇ ವರ್ಷ, ಹಗ್ಗವೂ ಒಂದೇ. ಮೊದಲನೆಯದರಲ್ಲಿ ಹುಡುಗ ಕೊಟ್ಟಿಗೆಯಲ್ಲೇ ನಿಂತಿದ್ದಾನೆ. ಅವನಿಗೆ ಗೊತ್ತಿಲ್ಲದ್ದು ಕತೆಗೂ ಗೊತ್ತಿಲ್ಲ. ಒಂಬತ್ತು ವರ್ಷದ ಓದುಗರು ಅವನ ಪಕ್ಕದಲ್ಲೇ ಬಂದು ನಿಲ್ಲಬಹುದು. ಎರಡನೆಯದರಲ್ಲಿ ಮೂವತ್ತು ವರ್ಷ ದಾಟಿ ನಿಂತವನು ಹಿಂದಿರುಗಿ ನೋಡುತ್ತಿದ್ದಾನೆ. ಆ ಸಂಕಟ ತಟ್ಟಬೇಕಾದರೆ ಓದುವವರಿಗೂ ಹಿಂದಿರುಗಿ ನೋಡಲು ಒಂದಿಷ್ಟು ವರ್ಷ ಇರಬೇಕು. ಮಕ್ಕಳ ಕತೆ ಎಂದು ನನಗೆ ಬರುವ ಹಸ್ತಪ್ರತಿಗಳಲ್ಲಿ ಬಹಳಷ್ಟು ನಿಜವಾಗಿ ಈ ಎರಡನೇ ಬಗೆಯವು, ಬಾಲ್ಯವನ್ನು ನೆನೆದು ದೊಡ್ಡವರು ದೊಡ್ಡವರಿಗೆ ಬರೆದವು. ಅವು ಒಳ್ಳೆಯ ಕತೆಗಳೇ ಆಗಿರುತ್ತವೆ. ಮಕ್ಕಳ ಕೈಗೆ ಕೊಟ್ಟಾಗ ಮಾತ್ರ ಸೋಲುತ್ತವೆ.

ವಯೋಮಾನದ ವಿಂಗಡಣೆಗೆ ಏನಾದರೂ ಲೆಕ್ಕ ಇದೆಯೇ? ಎಷ್ಟು ಪದ ಇರಬೇಕು?

ಲೆಕ್ಕಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಮಕ್ಕಳ ಕತೆಗಳ ಜಾಲತಾಣದಲ್ಲಿ ನಾಲ್ಕು ಹಂತಗಳಿವೆ. ಮೊದಲ ಹಂತದ ಕತೆ 250 ಪದದೊಳಗೆ, ಎರಡನೆಯದು 600ರವರೆಗೆ, ಮೂರನೆಯದು 600ರಿಂದ 1500, ನಾಲ್ಕನೆಯದು ಅದಕ್ಕೂ ಮೇಲೆ. ಹಂತಗಳನ್ನು ಮಾಡಿರುವುದು ಮಗುವಿನ ಓದುವ ಶಕ್ತಿಯ ಮೇಲೆ. ಇದು ನನಗೆ ಸರಿ ಅನಿಸುತ್ತದೆ.

ಆದರೆ ಕನ್ನಡದಲ್ಲಿ ಪದ ಎಣಿಸುವಾಗ ಹುಷಾರಾಗಿರಬೇಕು. ನಮ್ಮ ಭಾಷೆ ಒಂದೇ ಪದಕ್ಕೆ ಎಷ್ಟೊಂದನ್ನು ಅಂಟಿಸುತ್ತದೆ! "ಬರಬೇಕಾಗಿತ್ತಂತೆ" ಎಂಬುದು ಎಣಿಕೆಗೆ ಒಂದು ಪದ. ಓದಲು ಕಲಿಯುತ್ತಿರುವ ಮಗುವಿಗೆ ಅದೊಂದು ಗುಡ್ಡ. "ಬರಬೇಕಿತ್ತು" ಎಂದರೆ ಅರ್ಧ ಗುಡ್ಡ ಇಳಿದಂತೆ. ಇಂಗ್ಲಿಷಿನ ಪದಸಂಖ್ಯೆಯನ್ನು ಹಾಗೇ ತಂದು ಇಲ್ಲಿ ಹಾಕಿದರೆ ಕತೆ ಮಗುವಿಗೆ ಭಾರವಾಗುತ್ತದೆ. ನಾನು ಪದ ಎಣಿಸುವುದನ್ನೇ ಬಿಟ್ಟು ಗಟ್ಟಿಯಾಗಿ ಓದಿ ಗಡಿಯಾರ ನೋಡುತ್ತೇನೆ. ನಾಲ್ಕೈದು ವರ್ಷದವರಿಗೆ ಐದು ನಿಮಿಷ, ಎಂಟರ ಆಸುಪಾಸಿನವರಿಗೆ ಹದಿನೈದು ನಿಮಿಷ, ಹತ್ತು ದಾಟಿದವರಿಗೆ ಅಧ್ಯಾಯ ಮಾಡಿಕೊಂಡು ಎಷ್ಟು ಬೇಕಾದರೂ.

ಚಿಕ್ಕ ಮಕ್ಕಳಿಗೆ ಬರೆಯುವಾಗ ಒತ್ತಕ್ಷರ ಬಿಡಬೇಕಂತೆ, ಹೌದೇ?

ಯಾವ ಒತ್ತಕ್ಷರ ಎಂಬುದನ್ನು ನೋಡಬೇಕು. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ತರಗತಿಯಲ್ಲಿ ಮಕ್ಕಳು ಅ, ಆ, ಇ, ಈ ಕ್ರಮದಲ್ಲಿ ಅಕ್ಷರ ಕಲಿಯುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಅಷ್ಟರಲ್ಲೇ ಅರ, ಸರ, ಅಗಸ, ಗರಗಸ ಎಂದು ಓದಿಬಿಡುತ್ತಾರೆ. ಆಮೇಲೆ ಜ, ವ, ಮ, ಬ, ನ ಬಂದರೆ ಮನ, ಜನ, ವನ, ಮರ. ಒತ್ತಕ್ಷರ ಬರುವುದು ಎಷ್ಟೋ ತಿಂಗಳಾದ ಮೇಲೆ.

ಈಗ ಕತೆಗಾರರ ಪಾಡು ನೋಡಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ. ಕನ್ನಡದ ಮಗುವಿಗೆ ಅತಿ ಹತ್ತಿರದವರೆಲ್ಲ ಒತ್ತು ಹೊತ್ತುಕೊಂಡೇ ಬರುತ್ತಾರೆ. ಅವರನ್ನು ಬಿಟ್ಟು ಕತೆ ಹೇಗೆ ಬರೆಯುವುದು? ಬಿಡಬೇಕಾಗಿಲ್ಲ. ಅದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಮಗುವಿಗೆ ಬೇಗ ಹಿಡಿಯುತ್ತದೆ, ಅದರಲ್ಲೂ ದಿನಾ ಕೂಗುವ ಹೆಸರಾದರೆ. ತೊಡಕಾಗುವುದು ಬೇರೆ ಅಕ್ಷರದ ಒತ್ತು. ರಾಷ್ಟ್ರ, ಶಸ್ತ್ರ, ಸ್ವಾತಂತ್ರ್ಯ. ಅದಕ್ಕಿಂತ ತೊಡಕು ಅರ್ಕಾವತ್ತು. "ಸೂರ್ಯ" ಎಂಬಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಕೆಲವು ಪುಸ್ತಕಗಳು ಯಕಾರದ ಮುಂದಿನ ಗುರುತಾಗಿ ಅಚ್ಚು ಮಾಡುತ್ತವೆ. ಎರಡನೇ ಕ್ಲಾಸಿನ ಹುಡುಗನೊಬ್ಬ ಬೆರಳಿಟ್ಟು "ಸೂ... ಯ... ರ್..." ಎಂದು ಓದಿ, ನನ್ನ ಮುಖ ನೋಡಿ, ಕಿಟಕಿಯಾಚೆ ನೋಡಿ, "ಓ, ಸೂರ್ಯ!" ಎಂದ. ಆರೇಳು ವರ್ಷದವರು ತಾವೇ ಓದಲಿ ಎಂದು ಬರೆಯುವ ಕತೆಯಾದರೆ ಇಂಥ ಪದ ಪುಟಕ್ಕೆ ಒಂದೋ ಎರಡೋ ಸಾಕು. ಪೂರ್ತಿ ಬಿಡುವುದೂ ತಪ್ಪು. ಆ "ಓ" ಎನ್ನುವ ಖುಷಿ ಅವರಿಗೆ ಸಿಗಬೇಕು.

ನನ್ನ ಮಗಳಿಗೆ ಹನ್ನೊಂದು. ಇಂಗ್ಲಿಷಿನಲ್ಲಿ ದಪ್ಪ ದಪ್ಪ ಕಾದಂಬರಿ ಓದುತ್ತಾಳೆ, ಕನ್ನಡದಲ್ಲಿ ಮೂರನೇ ಕ್ಲಾಸಿನ ಪುಸ್ತಕಕ್ಕೇ ತಡವರಿಸುತ್ತಾಳೆ. ಇಂಥವರಿಗೆ ಯಾವ ವಯಸ್ಸು ಅಂತ ಬರೆಯುವುದು?

ಈ ಎಲ್ಲ ಪ್ರಶ್ನೆಗಳಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ಕನ್ನಡದ ಮಗುವಿಗೆ ಇವತ್ತು ಎರಡು ವಯಸ್ಸು. ಒಂದು ಮನಸ್ಸಿನ ವಯಸ್ಸು, ಇನ್ನೊಂದು ಕಣ್ಣಿನ ವಯಸ್ಸು. ನಿಮ್ಮ ಮಗಳ ಮನಸ್ಸಿಗೆ ಹನ್ನೊಂದು, ಕನ್ನಡ ಓದುವ ಕಣ್ಣಿಗೆ ಎಂಟು. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಹೆಚ್ಚಿನವು ಎರಡೂ ಒಂದೇ ಎಂದುಕೊಂಡು ಬರೆದಂಥವು. ಹಾಗಾಗಿ ಕಣ್ಣಿಗೆ ಹೊಂದುವ ಪುಸ್ತಕ ಮನಸ್ಸಿಗೆ ಸಪ್ಪೆ, ಮನಸ್ಸಿಗೆ ಹೊಂದುವ ಪುಸ್ತಕ ಕಣ್ಣಿಗೆ ಕಷ್ಟ. ಮಗು ಎರಡನ್ನೂ ಬಿಟ್ಟು ಇಂಗ್ಲಿಷಿಗೆ ಹೋಗುತ್ತದೆ. ಅದರ ತಪ್ಪೇನೂ ಇಲ್ಲ.

ಒಂದು ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಬಂದಿದ್ದ ಹುಡುಗ ನಮ್ಮ ಗ್ರಂಥಾಲಯಕ್ಕೆ ಬರುತ್ತಿದ್ದ. ಆರನೇ ಕ್ಲಾಸು ಮುಗಿಸಿದವನು. ಮೂಲೆಯಲ್ಲಿ ವಿಜ್ಞಾನ ಪತ್ರಿಕೆ ಅಗಲಿಸಿ ಹಿಡಿದು ಕೂರುತ್ತಿದ್ದ. ಮೂರನೇ ದಿನ ಹಿಂದಿನಿಂದ ಹೋದಾಗ ಕಂಡಿತು, ಪತ್ರಿಕೆಯೊಳಗೆ ಮೊಲದ ಚಿತ್ರಕತೆ. ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದ. ಚಿಕ್ಕವರು ನೋಡಿಬಿಟ್ಟಾರು ಎಂದು ಮುಚ್ಚಿಟ್ಟುಕೊಂಡಿದ್ದ. ಕನ್ನಡ ಓದಬೇಕೆಂಬ ಆಸೆ ಅವನಿಗಿತ್ತು. ಆ ಆಸೆಗೆ ತಕ್ಕ ಒಂದೇ ಒಂದು ಪುಸ್ತಕ ನನ್ನ ಕಪಾಟಿನಲ್ಲಿ ಇರಲಿಲ್ಲ. ಆ ನಾಚಿಕೆ ಅವನದಾಗಬಾರದಿತ್ತು, ಬರೆಯುವ ನಮ್ಮದಾಗಬೇಕಿತ್ತು.

ಅವನಂಥವರಿಗೆ ಬೇಕಾದ ಕತೆ ಹೀಗಿರುತ್ತದೆ. ಎರಡೆರಡು ಪುಟದ ಅಧ್ಯಾಯ. ಅರ್ಧಕ್ಕಿಂತ ಹೆಚ್ಚು ಮಾತುಕತೆ, ಏಕೆಂದರೆ ಆಡುಮಾತು ಅವರ ಕಿವಿಗೆ ಪರಿಚಿತ, ಕಣ್ಣು ತಡವರಿಸಿದರೂ ಕಿವಿ ಕೈಹಿಡಿಯುತ್ತದೆ. ಸಣ್ಣ ವಾಕ್ಯ, ದೊಡ್ಡ ಅಕ್ಷರ. ಆದರೆ ಕತೆ ಮಾತ್ರ ಹನ್ನೊಂದು ವರ್ಷದವರದೇ: ಕಾಣೆಯಾದ ಅಣ್ಣ, ಮೋಸ ಮಾಡಿದ ಗೆಳತಿ, ಊರಾಚೆಯ ಬೀಗ ಹಾಕಿದ ಮನೆ. ಇದನ್ನು ಬರೆಯುವುದು ಬಹಳ ಕಷ್ಟ, ಬರೆಯುವವರೂ ಬಹಳ ಕಡಿಮೆ. ಹೊಸದಾಗಿ ಶುರುಮಾಡುವವರು ಯಾವ ವಯಸ್ಸನ್ನು ಆರಿಸಿಕೊಳ್ಳಲಿ ಎಂದು ಕೇಳಿದರೆ ನಾನು ಕೈತೋರಿಸುವುದು ಈ ಕಡೆಗೇ.

ಹೊರದೇಶಗಳಲ್ಲಿ ವಾರಾಂತ್ಯದ ಕನ್ನಡ ತರಗತಿಗೆ ಹೋಗುವ ಮಕ್ಕಳಿಗೂ ಇದೇ ಮಾತು. ವಿಡಿಯೊ ಕಾಲ್‌ನಲ್ಲಿ ಅಜ್ಜಿ ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ, ಬರೆದದ್ದು ಅರ್ಥವಾಗುವುದಿಲ್ಲ. ಅಲ್ಲಿ ಇನ್ನೊಂದು ದಾರಿಯೂ ಇದೆ: ಅಪ್ಪ ಅಮ್ಮ ಗಟ್ಟಿಯಾಗಿ ಓದಲೆಂದೇ ಬರೆಯುವುದು. ಆಗ ಕಣ್ಣಿನ ವಯಸ್ಸಿನ ತೊಂದರೆಯೇ ಇಲ್ಲ, ಒತ್ತಕ್ಷರದ ಭಾರ ದೊಡ್ಡವರದು. ಅಕ್ಷರ ಹೊಸದಾಗಿ ಕಲಿತ ದೊಡ್ಡವರಿಗೂ ಎರಡು ವಯಸ್ಸು ಇರುತ್ತದೆ. ಐವತ್ತು ವರ್ಷ ಬದುಕು ನಡೆಸಿದ ಹೆಂಗಸಿನ ಕೈಗೆ, ಅಕ್ಷರ ಸುಲಭ ಎಂಬ ಕಾರಣಕ್ಕೆ ನರಿ ದ್ರಾಕ್ಷಿಯ ಕತೆ ಕೊಡಬಾರದು.

ಹದಿಮೂರರಿಂದ ಹದಿನೇಳರವರಿಗೆ ಕನ್ನಡದಲ್ಲಿ ಬರೆದರೆ ಓದುವವರು ಇದ್ದಾರೆಯೇ?

ಇದ್ದಾರೆ, ಯಾವಾಗಲೂ ಇದ್ದರು. ಅವರಿಗೆಂದೇ ಬರೆದದ್ದು ಕಡಿಮೆ, ಅಷ್ಟೆ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಜನ ಆ ವಯಸ್ಸಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದ ಮಧ್ಯೆ ಇಟ್ಟುಕೊಂಡು ಓದಿದವರು. ವಾರಪತ್ರಿಕೆಯ ಧಾರಾವಾಹಿಗಾಗಿ ಅಕ್ಕನ ಜತೆ ಕಿತ್ತಾಡಿದವರು. ಆಮೇಲೆ ತೇಜಸ್ವಿ ಬಂದರು. 1980ರ "ಕರ್ವಾಲೊ" ಹದಿಹರೆಯದವರಿಗೆಂದು ಬರೆದ ಪುಸ್ತಕವಲ್ಲ. ಆದರೂ ಹೈಸ್ಕೂಲಿನ ಮಕ್ಕಳು ಅದನ್ನು ಬಿಡದೆ ಓದುತ್ತಾರೆ. ಅಲ್ಲೊಂದು ಹುಡುಕಾಟವಿದೆ, ಕಾಡಿದೆ, ಮಂದಣ್ಣನಂಥ ಒಬ್ಬನಿದ್ದಾನೆ, ದೊಡ್ಡ ವಿಜ್ಞಾನಿಯೊಬ್ಬರು ಅವನನ್ನು ಗೌರವದಿಂದ ಕಾಣುತ್ತಾರೆ. ಆ ವಯಸ್ಸಿನವರಿಗೆ ಈ ಕೊನೆಯದು ಎಷ್ಟು ಬೇಕಾದದ್ದು ಎಂದು ಅವರ ಜತೆ ಕೂತು ಮಾತಾಡಿದರೆ ತಿಳಿಯುತ್ತದೆ. ಮನೆಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಅವರನ್ನು ಗೌರವದಿಂದ ಮಾತಾಡಿಸುವವರು ತೀರಾ ಕಡಿಮೆ.

ಈ ವಯಸ್ಸಿಗೆ ಬರೆಯುವವರು ಮಾಡುವ ದೊಡ್ಡ ತಪ್ಪು ಎಸ್ಸೆಸ್ಸೆಲ್ಸಿಯನ್ನು ಮರೆಯುವುದು. ನಮ್ಮ ಹದಿನೈದರ ಹುಡುಗಿಯ ವರ್ಷ ಸುತ್ತುವುದೇ ಅದರ ಸುತ್ತ. ಬೆಳಗಿನ ವಿಶೇಷ ತರಗತಿ, ಪಾಸಾದರೆ ಪಿಯುಸಿಗೆ ಯಾವ ಊರು, ಹಾಸ್ಟೆಲ್ ಸಿಗುತ್ತದೋ ಇಲ್ಲವೋ, ಫೇಲಾದರೆ ಮದುವೆಯ ಮಾತು. ಬೇರೆ ದೇಶದ ಹದಿಹರೆಯದ ಕಾದಂಬರಿ ಓದಿ ಅದೇ ಅಚ್ಚಿನಲ್ಲಿ ಇಲ್ಲಿಯದನ್ನು ಎರಕ ಹೊಯ್ದರೆ ಆ ಹುಡುಗಿ ಎರಡನೇ ಪುಟಕ್ಕೇ ಪುಸ್ತಕ ಮುಚ್ಚುತ್ತಾಳೆ.

ಸಾವು, ಜಾತಿ, ಕುಡಿತ, ಪ್ರೀತಿ ಇವನ್ನೆಲ್ಲ ಮಕ್ಕಳಿಗೆ ಬರೆಯಬಹುದೇ?

ಬರೆಯಬಹುದು, ಬರೆಯಲೇಬೇಕು. ನಮ್ಮ ಮಕ್ಕಳು ಇವುಗಳ ನಡುವೆಯೇ ಬದುಕುತ್ತಿದ್ದಾರೆ. ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರಬಾರದು ಎಂದು ಮನೆಯವರು ಹೇಳಿ ಕಳಿಸಿದ್ದನ್ನು ಏಳು ವರ್ಷದ ಮಗು ಕೇಳಿಸಿಕೊಂಡಿರುತ್ತದೆ. ಅದರ ಬಗ್ಗೆ ಕತೆ ಬೇಡ ಎನ್ನುವುದರಿಂದ ಮಗುವಿಗೆ ಏನೂ ರಕ್ಷಣೆ ಸಿಗುವುದಿಲ್ಲ.

ವಯಸ್ಸಿಗೆ ತಕ್ಕಂತೆ ಬದಲಾಗಬೇಕಾದದ್ದು ಎಷ್ಟು ಹತ್ತಿರದಿಂದ ತೋರಿಸುತ್ತೀರಿ ಎಂಬುದು. ಆರು ವರ್ಷದವರ ಕತೆಯಲ್ಲಿ ಅಜ್ಜ ಹೋದ ಮೇಲೆ ಖಾಲಿ ಕುರ್ಚಿ ಇರಲಿ, ಆ ಕುರ್ಚಿಯಲ್ಲಿ ಬೆಕ್ಕು ಬಂದು ಮಲಗಲಿ. ಹತ್ತರವರಿಗೆ ಆಸ್ಪತ್ರೆಯ ಓಣಿಯವರೆಗೆ ಕರೆದುಕೊಂಡು ಹೋಗಬಹುದು. ಹದಿನೈದರವರು ಒಳಗೇ ಬರಬಲ್ಲರು. ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು: ಹನ್ನೆರಡರೊಳಗಿನವರ ಕತೆಯಲ್ಲಿ ಮಗುವನ್ನು ಪೂರ್ತಿ ಒಂಟಿಯಾಗಿ ಬಿಟ್ಟು ಕತೆ ಮುಗಿಸಬಾರದು. ದುಃಖ ಇರಲಿ, ಪಕ್ಕದಲ್ಲಿ ಒಬ್ಬರಾದರೂ ಇರಲಿ. ಕೊನೆಗೆ ಒಂದು ನಾಯಿಯಾದರೂ.

ಮಕ್ಕಳ ಕತೆಗೆ ನೀತಿ ಬೇಕೇ ಬೇಕೇ?

ಬೇಡ.

ಸಂಭಾಷಣೆ ಆಡುಮಾತಿನಲ್ಲಿ ಬರೆದರೆ ಬೇರೆ ಜಿಲ್ಲೆಯ ಮಕ್ಕಳಿಗೆ ಅರ್ಥವಾಗುತ್ತದೆಯೇ?

ಹತ್ತರ ಮೇಲಿನವರಿಗೆ ಧಾರಾಳವಾಗಿ ಆಗುತ್ತದೆ. ಧಾರವಾಡದ "ಯಾಕಲೇ", ಮಂಗಳೂರಿನ "ಎಂಥ ಮಾರಾಯ" ಅವರಿಗೆ ಸಿನಿಮಾ, ಮೊಬೈಲಿನಿಂದಲೇ ಗೊತ್ತು, ಅನುಕರಿಸಿ ಖುಷಿಪಡುತ್ತಾರೆ. ಆರೇಳು ವರ್ಷದವರು ತಾವೇ ಓದುವ ಕತೆಯಲ್ಲಿ ಮಾತ್ರ ಮಿತವಾಗಿರಲಿ. ಶಾಲೆಯಲ್ಲಿ ಕಲಿತ ರೂಪವನ್ನೇ ಅವರ ಕಣ್ಣು ಹುಡುಕುತ್ತಿರುತ್ತದೆ.

ಮಕ್ಕಳಿಗೆ ಬರೆದರೆ ಮಕ್ಕಳ ಸಾಹಿತಿ ಎಂದು ಮೂಲೆಗೆ ತಳ್ಳುತ್ತಾರಂತೆ. ಎರಡೂ ಕಡೆ ಬರೆಯಲು ಆಗುವುದಿಲ್ಲವೇ?

ತಳ್ಳುವವರು ಇದ್ದಾರೆ, ಸುಳ್ಳೇಕೆ ಹೇಳಲಿ. ಆದರೆ ಕನ್ನಡದ ಪರಂಪರೆ ಅವರ ಪರವಾಗಿಲ್ಲ. ಜಿ.ಪಿ. ರಾಜರತ್ನಂ ತುತ್ತೂರಿಯ ಪದ್ಯವನ್ನೂ ಬರೆದರು, "ರತ್ನನ ಪದಗಳು" ಕೂಡ ಬರೆದರು. ಒಂದು ಕಡೆ ಎಳೆ ಮಗು, ಇನ್ನೊಂದು ಕಡೆ ಹೆಂಡ ಕುಡಿದ ರತ್ನ. ಎರಡು ಕಡೆಯೂ ಅವರು ಮಾಡಿದ ಕೆಲಸ ಒಂದೇ: ಯಾರ ಮಾತೋ ಅವರ ನಾಲಗೆಯಲ್ಲೇ ಹಾಡಿಸಿದರು, ಮೇಲೆ ನಿಂತು ಮಾತಾಡಲಿಲ್ಲ. ನಮ್ಮ ಕಾಲದಲ್ಲಿ ಬೊಳುವಾರು ಮಹಮದ್ ಕುಂಞಿ ಅವರಿಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. 2016ರಲ್ಲಿ ಅದೇ ಅಕಾಡೆಮಿಯ ಮುಖ್ಯ ಪ್ರಶಸ್ತಿ ಅವರ ದೊಡ್ಡ ಕಾದಂಬರಿಗೆ ಬಂತು. ಮಕ್ಕಳಿಗೆ ಬರೆದದ್ದು ಅವರಿಗೆ ಯಾವ ಅಡ್ಡಿಯನ್ನೂ ಮಾಡಲಿಲ್ಲ.

ಇಲ್ಲೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ, ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅಕಾಡೆಮಿಯ ಯುವ ಪುರಸ್ಕಾರ ಯುವಕರು ಓದುವ ಪುಸ್ತಕಕ್ಕೆ ಕೊಡುವುದಲ್ಲ. ಬರೆದವರ ವಯಸ್ಸು 35ರೊಳಗೆ ಇರಬೇಕು ಎಂಬುದು ಅದರ ನಿಯಮ. ಹದಿಹರೆಯದವರಿಗೆ ಕಾದಂಬರಿ ಬರೆದೆ, ಆದ್ದರಿಂದ ಅದಕ್ಕೆ ಕಳಿಸುತ್ತೇನೆ ಎಂದು ಹೊರಡಬೇಡಿ.

ಯಾವ ವಯಸ್ಸಿಗೆ ಬರೆದರೆ ಪುಸ್ತಕ ಅಚ್ಚಾಗುವುದು ಸುಲಭ?

ಬಣ್ಣದ ಚಿತ್ರಪುಸ್ತಕಕ್ಕೆ ಚಿತ್ರಕಾರರು ಬೇಕು, ಒಳ್ಳೆಯ ಕಾಗದ ಬೇಕು, ಖರ್ಚು ಜಾಸ್ತಿ. ಹೊಸಬರ ಚಿತ್ರಪುಸ್ತಕಕ್ಕೆ ಪ್ರಕಾಶಕರು ಹಿಂದೆ ಮುಂದೆ ನೋಡುತ್ತಾರೆ. ಎಂಟರಿಂದ ಹನ್ನೆರಡರವರಿಗೆ ಕಪ್ಪು ಬಿಳುಪು ಚಿತ್ರಗಳ ಸಣ್ಣ ಕತೆಪುಸ್ತಕವಾದರೆ ದಾರಿ ಸ್ವಲ್ಪ ಸಲೀಸು. ಕೊಳ್ಳುವವರು ಅಪ್ಪ ಅಮ್ಮ, ಮೇಷ್ಟ್ರು, ಗ್ರಂಥಾಲಯ. ಓದುವ ಮಗು ಅಂಗಡಿಗೆ ಬರುವುದಿಲ್ಲ. ಈ ಕಾರಣಕ್ಕೆ ದೊಡ್ಡವರನ್ನು ಮೆಚ್ಚಿಸುವ ನೀತಿಕತೆಗಳೇ ಅಚ್ಚಾಗುತ್ತಾ ಹೋಗುತ್ತವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ. 2020ರಲ್ಲಿ ರಾಜ್ಯ ಸರ್ಕಾರದ "ಓದುವ ಬೆಳಕು" ಕಾರ್ಯಕ್ರಮ ಶುರುವಾದ ಮೇಲೆ ಪಂಚಾಯಿತಿ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟರವರಿಗೆ ಉಚಿತ ಸದಸ್ಯತ್ವ ಸಿಗುತ್ತಿದೆ. ಮಗು ತಾನೇ ಕಪಾಟಿನ ಮುಂದೆ ನಿಂತು ಆರಿಸಿಕೊಳ್ಳುವ ಜಾಗ ಅದು. ಬರೆಯುವ ಮೊದಲು ಒಂದು ಮಧ್ಯಾಹ್ನ ಅಲ್ಲಿ ಹೋಗಿ ಕೂತು ಬನ್ನಿ. ಯಾವ ಪುಸ್ತಕದ ಮೂಲೆ ಸವೆದಿದೆ, ಯಾವುದರ ಹೊಲಿಗೆ ಬಿಚ್ಚಿದೆ, ಯಾವುದು ಬಂದ ದಿನದಂತೆ ಗರಿಗರಿಯಾಗಿದೆ ನೋಡಿ.

ನಾನು ಬರೆದದ್ದು ಯಾವ ವಯಸ್ಸಿಗೆ ಸರಿಹೊಂದುತ್ತದೆ ಎಂದು ಪರೀಕ್ಷಿಸುವುದು ಹೇಗೆ?

ಮಕ್ಕಳ ಮುಂದೆ ಗಟ್ಟಿಯಾಗಿ ಓದಿ. ಚೆನ್ನಾಗಿದೆಯಾ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಕೈಯಲ್ಲಿ ಪೆನ್ಸಿಲ್ ಇರಲಿ. ಯಾರಾದರೂ ಚಾಪೆಯ ಗರಿ ಕೀಳಲು ಶುರುಮಾಡಿದ ಕಡೆ ಅಂಚಿನಲ್ಲಿ ಒಂದು ಚುಕ್ಕಿ ಇಡಿ. ಮನೆಗೆ ಹೋಗಿ ನೋಡಿದರೆ ಚುಕ್ಕಿಗಳೆಲ್ಲ ವರ್ಣನೆಯ ಪಕ್ಕದಲ್ಲೇ ಇರುತ್ತವೆ.

ಪ್ರಕಾಶಕರು "ವಯಸ್ಸು ಸ್ಪಷ್ಟವಿಲ್ಲ" ಎಂದು ಹಸ್ತಪ್ರತಿ ವಾಪಸ್ ಕಳಿಸಿದ್ದಾರೆ. ಏನು ಮಾಡಲಿ?

ನನಗೂ ಹೀಗೇ ಆಗಿತ್ತು. ಹೂ ಮಾರುವ ತಾಯಿ, ಅವಳ ಹತ್ತು ವರ್ಷದ ಮಗಳು, ಬಸ್ ನಿಲ್ದಾಣದಲ್ಲಿ ಸಿಕ್ಕಿದ ಒಂದು ಆಡಿನ ಮರಿ. ಯಾರಿಗಾಗಿ ಎಂದು ಕೇಳಿದ್ದಕ್ಕೆ ಎಲ್ಲ ವಯಸ್ಸಿನವರಿಗೂ ಎಂದು ಬರೆದಿದ್ದೆ. ಮೂರು ತಿಂಗಳ ಬಳಿಕ ಅದು ವಾಪಸ್ ಬಂತು. ಬೇಸರವಾಗಿ ಒಂದು ವರ್ಷ ಮುಟ್ಟಲಿಲ್ಲ. ಆಮೇಲೆ ಗ್ರಂಥಾಲಯಕ್ಕೆ ಒಯ್ದು ಓದಿದೆ. ತಾಯಿಯ ಸಾಲದ ಭಾಗಕ್ಕೆ ಬಂದಾಗ ಚಿಕ್ಕವರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಅದು ನಾಲ್ಕು ಪುಟ ಇತ್ತು, ನಾನು ಬಹಳ ಪ್ರೀತಿಯಿಂದ ಬರೆದದ್ದು. ಓದಿ ಮುಗಿಸಿದ ಮೇಲೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಚಪ್ಪಲಿ ಹಾಕಿಕೊಂಡವಳು ತಿರುಗಿ ಬಂದಳು. "ಮರಿ ಆ ರಾತ್ರಿ ಏನು ತಿಂತು?" ಎಂದು ಕೇಳಿದಳು.

ನಾನು ಬರೆದೇ ಇರಲಿಲ್ಲ. ಐದನೇ ಪುಟದಿಂದ ಹದಿಮೂರನೇ ಪುಟದವರೆಗೆ ಮರಿಗೆ ಒಂದು ಎಲೆ ಕೂಡ ಕೊಟ್ಟಿರಲಿಲ್ಲ. ಮನೆಗೆ ಬಂದು ಸಾಲದ ನಾಲ್ಕು ಪುಟ ಬೇರೆ ಫೈಲಿಗೆ ತೆಗೆದಿಟ್ಟೆ, ಅದು ಮುಂದೆ ದೊಡ್ಡವರ ಕತೆಯಾಯಿತು. ಉಳಿದದ್ದರ ಮೇಲೆ "8ರಿಂದ 10 ವರ್ಷ" ಎಂದು ಬರೆದು, ಹುಡುಗಿ ಹೂಕಟ್ಟುವ ಬಾಳೆನಾರಿನ ರಾಶಿಯಿಂದ ಎಲೆಯ ಚೂರುಗಳನ್ನು ಆರಿಸಿ ಮರಿಯ ಬಾಯಿಗೆ ಹಿಡಿಯುವಲ್ಲಿಂದ ಮತ್ತೆ ಶುರುಮಾಡಿದೆ.